ಜೇಬು ನೋಡದ ಸೂಜಿಯಕ್ಕ

ರಫು ಅಂಗಡಿಯಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಹರಿದ ಕೋಟಾಗಲಿ ಸುಟ್ಟ ಪ್ಯಾಂಟಾಗಲಿ, ಅದರ ಒಳಮಡಿಕೆಯಿಂದಲೇ ಎಳೆ ಬಿಡಿಸಿ ತೂತು ಮುಚ್ಚುವಂತೆ ನೇಯುತ್ತಿದ್ದಳು. ಮುಗಿದ ಮೇಲೆ ಬಟ್ಟೆಯ ಒಡೆಯನೇ ಹುಡುಕಿದರೂ ತೂತು ಎಲ್ಲಿತ್ತೆಂದು ಗೊತ್ತಾಗಬಾರದು. ಮೂವತ್ತೆಂಟಕ್ಕೆ ಕಣ್ಣು ಮಂಜಾಗುತ್ತಾ ಬಂದಿತ್ತು, ಬೆರಳುಗಳು ಮಾತ್ರ ಚುರುಕಾಗಿಯೇ ಇದ್ದವು.

ತಾಯಿ ಹೋದ ಮೇಲೆ ಅವಳನ್ನು ಸಾಕಿ ಕೆಲಸ ಕಲಿಸಿದವಳು ದೊಡ್ಡಮ್ಮ. ಅಂಗಡಿ ದೊಡ್ಡಮ್ಮನದು, ನಿಯಮವೂ ಅವಳದೇ. ಬಟ್ಟೆ ಬಂದ ಕೂಡಲೇ ಜೇಬಿನಲ್ಲಿದ್ದುದನ್ನೆಲ್ಲ ಸಣ್ಣ ಚೀಲಕ್ಕೆ ಸುರಿದು ಬಾಯಿ ಕಟ್ಟಬೇಕು, ನೋಡಕೂಡದು. ಚೀಲವನ್ನು ಕಾಲರಿಗೆ ಪಿನ್ನು ಮಾಡಿ, ಕೊಡುವಾಗ "ಎಲ್ಲ ಸರಿಯಾಗಿದೆಯಾ ನೋಡ್ಕೊಳ್ಳಿ" ಎನ್ನಬೇಕು. ಇಪ್ಪತ್ತು ವರ್ಷಗಳಲ್ಲಿ ಸೂಜಿಯಕ್ಕ ಒಂದು ದಿನವೂ ತಪ್ಪಿದವಳಲ್ಲ. ಜೇಬು ಬೋರಲು ಹಾಕುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದಳು.

ದೊಡ್ಡಮ್ಮನ ಮಾತು ಮೀರದೆ ಅವಳು ಕಳೆದುಕೊಂಡದ್ದೂ ಇತ್ತು. ಹನ್ನೊಂದು ವರ್ಷದ ಹಿಂದೆ ನದಿಗೆ ಮೊದಲ ಸೇತುವೆ ಕಟ್ಟಲು ಬಂದ ವೆಲ್ಡರ್ ಒಬ್ಬ ಅವಳನ್ನು ಮದುವೆಗೆ ಕೇಳಿದ್ದ. ಅವಳಿಗೂ ಮನಸ್ಸಿತ್ತು. "ಸೇತುವೆ ಮುಗಿದ ದಿನ ಗಂಟುಮೂಟೆ ಕಟ್ಟೋನು ಕಣೇ. ಅವನ ಹಿಂದೆ ಎಷ್ಟು ನದಿ ಅಂತ ದಾಟ್ತೀಯಾ?" ಎಂದಿದ್ದಳು ದೊಡ್ಡಮ್ಮ. ಮೂರು ದಿನ ಅತ್ತು, ನಾಲ್ಕನೆಯ ದಿನ ಸೂಜಿಯಕ್ಕ ಅವನೆದುರು ನಿಂತು ಬೇಡವೆಂದಳು. ಅವನು ಊರು ಬಿಟ್ಟು ಹೋದ.

ಈ ವರ್ಷ ಎರಡನೆಯ ಸೇತುವೆಗೆ ಅವನೇ ಬಂದ. ಕಿವಿಯ ಹತ್ತಿರ ಕೂದಲು ನರೆತಿತ್ತು. ಮದುವೆಯಾಗಿರಲಿಲ್ಲ. ಕೆಲಸದ ಜಾಕೆಟ್ಟಿಗೆ ಕಿಡಿ ಹಾರಿ ತೂತಾಗಿದೆಯೆಂದು ಅಂಗಡಿಗೆ ತಂದ. ಇಬ್ಬರೂ ಗುರುತಿಲ್ಲದವರಂತೆ ನೀವು, ತಾವು ಎಂದು ಮಾತಾಡಿದರು. ಮುಂದಿನ ವಾರ ಮತ್ತೆ ತಂದ, ಅದರ ಮುಂದಿನ ವಾರವೂ ತಂದ. ಮೂರನೆಯ ಸಲ ತೂತನ್ನು ಸವರಿದಾಗ ಅವಳ ಬೆರಳು ಅಂಚಿನಲ್ಲೇ ನಿಂತಿತು. ಕಿಡಿ ಬಿದ್ದ ತೂತಿನ ಅಂಚು ಕರಕಲಾಗಿ ಗಟ್ಟಿಯಾಗಿರುತ್ತದೆ. ಇದು ಬ್ಲೇಡಿನಲ್ಲಿ ಕೊಯ್ದದ್ದು.

ಬೆರಳುಗುರಿನಷ್ಟು ತೂತನ್ನು ಎರಡು ದಿನ ನೇಯ್ದಳು.

"ಏನೇ ಅದು, ಕಂಬಳಿ ನೇಯ್ತಿದ್ದೀಯಾ?" ಎಂದಳು ದೊಡ್ಡಮ್ಮ.

ನಾಲ್ಕನೆಯ ಸಲ ಅವನು ಜಾಕೆಟ್ ಕೊಟ್ಟು ಹೋಗುವ ಹೊತ್ತಿಗೆ ಸೇತುವೆ ಮುಗಿದಿತ್ತು. ಗುರುವಾರ ಮಧ್ಯಾಹ್ನ ತೆಗೆದುಕೊಳ್ಳಲು ಬಂದ.

"ಎಲ್ಲ ಸರಿಯಾಗಿದೆಯಾ ನೋಡ್ಕೊಳ್ಳಿ," ಎಂದಳು ಸೂಜಿಯಕ್ಕ.

ಅವನು ಚೀಲ ಬಿಚ್ಚಿ, ಮಡಿಸಿದ ಒಂದು ಚೀಟಿಯನ್ನು ಹೊರತೆಗೆದು ಅದನ್ನೂ ಅವಳ ಮುಖವನ್ನೂ ನೋಡಿದ. ಗಿರಾಕಿಗಳಿಗೆ ತೋರಿಸುವ ಮುಖವನ್ನೇ ಅವಳು ತೋರಿಸುತ್ತಿದ್ದಳು.

"ಸರಿಯಾಗಿದೆ," ಎಂದು ಜಾಕೆಟ್ ತೊಟ್ಟು, ಚೀಟಿಯನ್ನು ಅದರ ಜೇಬಿಗೆ ಹಾಕಿಕೊಂಡು ಹೊರಟುಹೋದ.

ಗುಂಡಿ ಹೊಲಿಯುತ್ತಿದ್ದ ದೊಡ್ಡಮ್ಮ ಆ ಗುಂಡಿ ಮುಗಿಸಿ, ಇನ್ನೆರಡು ಹೊಲಿದು, ಕೊನೆಗೆ ತಡೆಯಲಾರದೆ ಹೇಳಿದಳು: "ಈ ಸಲ ನನ್ನ ತಲೆಗೆ ಕಟ್ಟಬೇಡ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಬೇಡ ಅಂದದ್ದು ನೀನೇ."

"ನಾನು ಯಾರಿಗೆ ಬೇಡ ಅಂದೆ?"

"ಚೀಟಿ ವಾಪಸ್ ಕೊಟ್ಟೆಯಲ್ಲ."

"ಅದೇನು ಚೀಟಿ ಅಂತ ನನಗೇನು ಗೊತ್ತು?"

ದೊಡ್ಡಮ್ಮ ಕನ್ನಡಕ ತೆಗೆದಳು. "ಓದ್ಲಿಲ್ವಾ ನೀನು?"

"ನೋಡಬಾರದು ಅಂದವಳು ನೀನೇ ಅಲ್ವಾ? ನೀನು ಓದಿದ್ಯಾ?"

"ನಲವತ್ತು ವರ್ಷದಿಂದ ಚೀಲ ಬಿಚ್ಚಿ ಎಲ್ಲರ ಜೇಬೂ ಓದ್ತೀನಿ. ಈ ಬೀದಿ ಸುದ್ದಿಯೆಲ್ಲ ನನಗೆ ಕನಸಲ್ಲಿ ಬೀಳುತ್ತೆ ಅಂದ್ಕೊಂಡ್ಯಾ? ನಿಯಮ ಮಾಡಿದ್ದು ನಿನಗೆ. ಆಗ ನೀನು ಸಣ್ಣವಳು, ಬಾಯಿ ನಿಲ್ತಿರಲಿಲ್ಲ. ಇಷ್ಟು ವಯಸ್ಸಾದ ಮೇಲೂ ಪಾಲಿಸ್ತಿದ್ದೀಯ ಅಂತ ನನಗೇನು ಗೊತ್ತು?"

"ಏನು ಬರೆದಿತ್ತು ದೊಡ್ಡಮ್ಮ?"

ದೊಡ್ಡಮ್ಮ ಬಟ್ಟೆಯ ಮೇಲಿನಿಂದ ಕಣ್ಣೆತ್ತಲಿಲ್ಲ. "ಮನಸ್ಸಿದ್ದರೆ ಚೀಟಿ ಇಟ್ಕೊ, ನಾನು ಇಲ್ಲೇ ಉಳೀತೀನಿ ಅಂತಿತ್ತು. ಇಲ್ಲದಿದ್ದರೆ ಹಾಗೇ ವಾಪಸ್ ಕೊಡು, ನಿನ್ನ ಬಾಯಿಂದ ಇನ್ನೊಂದ್ಸಲ ಬೇಡ ಅನ್ನಿಸಿಕೊಳ್ಳೋ ಶಕ್ತಿ ನನಗಿಲ್ಲ, ಗುರುವಾರ ನಾಲ್ಕು ಗಂಟೆ ಬಸ್ಸಿಗೆ ಹೋಗಿಬಿಡ್ತೀನಿ ಅಂತ."

ಗೋಡೆಯ ಗಡಿಯಾರದಲ್ಲಿ ಮೂರು ಮುಕ್ಕಾಲಾಗಿತ್ತು. ಬಸ್ಸು ಹೊರಡುವ ನದಿಯ ದಡಕ್ಕೆ ಅರ್ಧ ಗಂಟೆಯ ನಡಿಗೆ.

ಸೂಜಿಯಕ್ಕ ಓಡಿದಳು. ಎದೆಯ ಮೇಲೆ ಚುಚ್ಚಿಕೊಂಡ ಸೂಜಿ ಹಾಗೇ ಇತ್ತು, ಕೊರಳಲ್ಲಿ ಟೇಪು ನೇತಾಡುತ್ತಿತ್ತು. "ಸೂಜಿಯಕ್ಕಾ, ನನ್ನ ಕೋಟು ಆಯ್ತಾ?" ಎಂದು ಕ್ಷೌರದಂಗಡಿಯವನು ಕೇಳಿದ್ದು ಹಿಂದೆಯೇ ಉಳಿಯಿತು. ಚಪ್ಪಲಿಯ ಪಟ್ಟಿ ಕಿತ್ತಾಗ ಎರಡನ್ನೂ ಅಲ್ಲೇ ಬಿಟ್ಟಳು. ಉಸಿರು ಸಿಗದೆ ದೀಪದ ಕಂಬ ಹಿಡಿದು ನಿಂತಳು, ಮತ್ತೆ ಓಡಿದಳು. ಒಂದು ಸಲ ಬಾಯಿಬಿಟ್ಟು ಬೇಡವೆಂದಳು, ಇನ್ನೊಂದು ಸಲ ಬಾಯಿ ಬಿಡದೆಯೇ ಬೇಡವೆಂದಳು. ಮೂರನೆಯ ಸಲ ಕೇಳಲು ಯಾರು ಬರುತ್ತಾರೆ? ಊರಿನವರ ತೂತುಗಳನ್ನೆಲ್ಲ ಕಾಣದಂತೆ ಮುಚ್ಚಿದ ಕೈಗೆ ಇದೊಂದನ್ನು ಮುಚ್ಚಲು ಎಳೆಯೇ ಇರಲಿಲ್ಲ.

ಕೆಲಸಗಾರರ ಬಸ್ಸು ಹೊರಡುತ್ತಿತ್ತು. ಅವಳು ಕಿಟಕಿಯಿಂದ ಕಿಟಕಿಗೆ ತಗಡನ್ನು ಬಡಿಯುತ್ತಾ ಓಡಿದಳು. ಹಿಂದಿನ ಸೀಟಿನಲ್ಲಿ ಅವನಿದ್ದ.

"ನಾನು ಓದಿಲ್ಲ. ಅಂಗಡೀಲಿ ಜೇಬು ನೋಡಬಾರದು. ನಾನು ನೋಡೋದೇ ಇಲ್ಲ, ಯಾರದ್ದೂ," ಎಂದಳು. ಉಸಿರು ಕಟ್ಟಿತು. "ನೀನು ಬ್ಲೇಡಲ್ಲಿ ಕೊಯ್ದದ್ದು ಮಾತ್ರ ನನಗೆ ಗೊತ್ತಾಗಿತ್ತು."

ಅವನು ಅವಳ ಬರಿಗಾಲು ನೋಡಿದ. ಬಸ್ಸು ವೇಗ ಹಿಡಿಯಿತು. ಅವಳ ಕೈ ಕಿಟಕಿಯ ಸರಳಿನಿಂದ ಜಾರಿತು. ಅಷ್ಟರಲ್ಲಿ ಅವನು ಜಾಕೆಟ್ ಕಳಚಿ ಹೊರಗೆಸೆದ.

ಅವಳು ಧೂಳಿನಲ್ಲೇ ಕುಳಿತು, ಜೀವಮಾನದಲ್ಲಿ ಮೊದಲ ಸಲ ಬೇರೆಯವರ ಜೇಬಿನಲ್ಲಿ ಕೈಯಾಡಿಸಿ ಹುಡುಕಿದಳು. ಚೀಟಿ ಸಿಕ್ಕಿತು. ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿದಳು. ಅತ್ತ ತಿರುವಿನಲ್ಲಿ ಬಸ್ಸು ನಿಂತ ಸದ್ದಾಯಿತು, ಟ್ರಂಕೊಂದು ನೆಲಕ್ಕೆ ಬಿದ್ದ ಸದ್ದಾಯಿತು, ಯಾರೋ ಬೈದರು. ಸೂಜಿಯಕ್ಕ ತಲೆಯೆತ್ತಲಿಲ್ಲ. ಮೊದಲು ಚೀಟಿಯನ್ನು ಪೂರ್ತಿ ಓದಬೇಕಿತ್ತು.