ಎರಡು ಕೈಯ ಕಡ್ಡಿ

ಚಟ್, ಚಟ್ ಎಂದು ಗಾಣದ ಉರುಳೆಗಳ ನಡುವೆ ಕಬ್ಬು ಸೀಳುತ್ತಿತ್ತು. ಎಮ್ಮಿಗನೂರಿನ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವ ಕೆಲಸ ವಿರುಪಮ್ಮನದು. ಎತ್ತು ಸುತ್ತುತ್ತಿದ್ದಂತೆ ಜಲ್ಲೆಯನ್ನು ಉರುಳೆಯ ಬಾಯಿಗೆ ಕೊಟ್ಟು, ಕೂಡಲೇ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ಹಾಗೆ ಕೈ ಹಿಂದಕ್ಕೆ ಎಳೆದುಕೊಳ್ಳುವುದನ್ನು ಅವಳು ಗಾಣಕ್ಕಿಂತ ಮೊದಲೇ, ಕಂಪ್ಲಿಯ ಗಂಡನ ಮನೆಯಲ್ಲಿ ಕಲಿತಿದ್ದಳು.

ಗಂಡ ಉಚ್ಚೆಂಗಪ್ಪ ಸಾರು ಆರಿದ್ದಕ್ಕೂ ಹೊಡೆಯುತ್ತಿದ್ದ, ಸುಟ್ಟಿದ್ದಕ್ಕೂ ಹೊಡೆಯುತ್ತಿದ್ದ. ಅವಳ ಎರಡನೆಯ ಬಸಿರು ಅವನ ಒದೆತಕ್ಕೆ ಹೊಸ್ತಿಲ ಮೇಲೆಯೇ ಇಳಿದುಹೋಯಿತು. ಆ ರಕ್ತವನ್ನು ತಾನೇ ಒರೆಸಿ, ಸಗಣಿ ಸಾರಿಸಿ, ಒಲೆ ಹಚ್ಚಿದ್ದಳು. ಅದನ್ನೂ ತಾಳಿದಳು. ಆದರೆ ಒಂದು ದಿನ ನಡುವೆ ಬಂದ ಪುಟ್ಟ ಮಗಳು ಹೊಳೆಮ್ಮನನ್ನು ಅವನು ಜಡೆ ಹಿಡಿದೆತ್ತಿ ಗೋಡೆಗೆ ಅಪ್ಪಳಿಸಿದ. ಮಗುವಿನ ಕಿವಿಯಿಂದ ರಕ್ತ ಸೋರಿತು. ಅಂದೇ ವಿರುಪಮ್ಮ ಅವಳನ್ನು ಎತ್ತಿಕೊಂಡು ಎಮ್ಮಿಗನೂರಿಗೆ, ತಾಯಿ ಎರ್ರೆಮ್ಮನ ಗುಡಿಸಲಿಗೆ ನಡೆದು ಬಂದಳು.

ಕೆಲವು ತಿಂಗಳ ನಂತರ ಉಚ್ಚೆಂಗಪ್ಪ ಹೇಳಿ ಕಳಿಸಿದ: ಕಡ್ಡಿ ಮುರಿದು ಬಿಟ್ಟುಬಿಡಲಿ. ಅವರ ಕುಲದಲ್ಲಿ ಗಂಡಹೆಂಡತಿ ಬೇರಾಗಬೇಕೆಂದರೆ ಹಿರಿಯರ ಕಟ್ಟೆಯ ಮುಂದೆ ಹೆಂಡತಿ ಒಂದು ಜೋಳದ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮುರಿಯಬೇಕು. ಒಂದು ತುಂಡು ಅವನಿಗೆ, ಒಂದು ಅವಳಿಗೆ. ವಿರುಪಮ್ಮನಿಗೆ ಮೊದಲು ಹಿಗ್ಗೇ ಆಯಿತು. ಕಡ್ಡಿ ಮುರಿದರೆ ಗಂಡುಮಗು ತಂದೆಗೆ, ಹೆಣ್ಣುಮಗು ತಾಯಿಗೆ ಎಂದು ಬಾವಿಯ ಹತ್ತಿರ ಹೆಂಗಸರು ಆಡುತ್ತಿದ್ದ ಮಾತನ್ನು ಅವಳು ಕಾನೂನೆಂದೇ ನಂಬಿದ್ದಳು. ಆದರೂ ಮಗಳ ವಿಷಯ. ಕೇಳಿ ಬರೋಣವೆಂದು ಬೆಲ್ಲದ ಗಾಡಿಯಲ್ಲಿ ಹೊಸಪೇಟೆಗೆ ಹೋಗಿ ವಕೀಲ ಕಮಲಾಕರರಾಯರ ಜಗುಲಿಯಲ್ಲಿ ಕುಳಿತಳು.

ರಾಯರು ಅವಳ ನಂಬಿಕೆಯನ್ನು ಮೆಲ್ಲಗೆ ಕಿತ್ತುಹಾಕಿದರು. ಸರ್ಕಾರದ ಕಾನೂನಿನಲ್ಲಿ ಗಂಡಾಗಲಿ ಹೆಣ್ಣಾಗಲಿ, ಮಗುವಿನ ಮೇಲೆ ಮೊದಲ ಹಕ್ಕು ತಂದೆಯದು. ಕಟ್ಟೆಯ ಕಟ್ಟಳೆಯೂ ಅದೇ: ಕಡ್ಡಿ ಮುರಿದೊಡನೆ ಮಗು ತಂದೆಯ ಕೈಗೆ, ಮುರಿಯುವ ತನಕ ತಾಯಿಯ ಹತ್ತಿರ. ಹೊಡೆತ ತಾಳದೆ ಬೇರೆ ಇರುವ ಹೆಂಡತಿಗೆ ಮ್ಯಾಜಿಸ್ಟ್ರೇಟರು ಜೀವನಾಂಶ ಕೊಡಿಸಬಹುದು. ಆದರೆ ಅದಕ್ಕೆ ಅವಳು ಹೆಂಡತಿಯಾಗಿಯೇ ಉಳಿದಿರಬೇಕು. ದಾರಿಯಲ್ಲಿ ಗಾಡಿಯವನು ಇನ್ನೊಂದು ಸುದ್ದಿ ಹೇಳಿದ್ದ: ಅವಳು ಬಿಟ್ಟು ಬಂದ ಮೇಲೆ ಉಚ್ಚೆಂಗಪ್ಪ ಕಟ್ಟಿಕೊಂಡ ಎರಡನೆಯ ಹೆಂಡತಿಯ ಅಣ್ಣ ವಡ್ಡು ಎಂಬ ಊರಿನಲ್ಲಿದ್ದಾನೆ, ಹೆಂಡತಿ ಸತ್ತವನು, ನಲವತ್ತು ದಾಟಿದವನು. ಹೊಳೆಮ್ಮನನ್ನು ಅವನಿಗೆ ಮದುವೆ ಮಾಡಿ ಕೊಡುವ ಮಾತಾಗಿದೆ. ಅದನ್ನೂ ಅವಳು ರಾಯರ ಮುಂದೆ ಇಟ್ಟಳು.

ರಾಯರು ಕನ್ನಡಕ ತೆಗೆದರು. "ಕಡ್ಡಿ ಮಾತ್ರ ಮುರಿಬ್ಯಾಡವ್ವ. ಕೂಸು ಬೇಕಂತ ಅವ ಕೋರ್ಟಿಗೆ ಹೋದ್ರ ಬಳ್ಳಾರಿಗೆ ಅಲೀಬೇಕು. ಅಲ್ಲಿ ಜಡ್ಜರು ಕೂಸಿನ ಹಿತಾನೂ ನೋಡ್ತಾರ, ನಿನ್ನ ಮೈಮ್ಯಾಲಿನ ಬರೀನೂ ನೋಡ್ತಾರ. ಕಟ್ಟಿ ಮುಂದ ಮುರಿದಿ ಅಂದ್ರ, ಹೊತ್ತು ಮುಳುಗೋದ್ರೊಳಗ ನಿನ್ನ ಮಗಳು ವಡ್ಡಿನ್ಯಾಗ ಇರ್ತಾಳ."

"ಮುರೀದಿದ್ರ ಸಾಯ ಬಡೀತಾನ್ರೀ."

ರಾಯರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು.

ಅವಳು ಹಿಂತಿರುಗಿದ ಮರುದಿನ ಉಚ್ಚೆಂಗಪ್ಪ ಆಲೆಮನೆಗೇ ಬಂದ. ಎತ್ತು ಹೊಡೆಯುವವರು, ಕೊಪ್ಪರಿಗೆಗೆ ಬೆಂಕಿ ಹಾಕುವವರು ನೋಡುತ್ತ ನಿಂತರು. ಅವನು ಜಲ್ಲೆಯೊಂದನ್ನು ಸೆಳೆದು ಅವಳ ಬೆನ್ನಿಗೆ ಬೀಸಿದ, ಅದು ಮುರಿಯಿತು, ಇನ್ನೊಂದನ್ನು ಸೆಳೆದ. ಅವಳ ರವಿಕೆ ಹರಿದು ಬೆನ್ನಿನ ತುಂಬ ಕಬ್ಬಿನ ಹಾಲು ಮತ್ತು ರಕ್ತ ಬೆರೆತು ಅಂಟಂಟಾಯಿತು. ನೊಣ ಮುತ್ತಿದವು.

"ವಕೀಲನ ಮನಿ ಮೆಟ್ಟಿಲ ಹತ್ತಿ ಬಂದೀಯೇನ ಸಾಹುಕಾರ್ತಿ? ನಾಳಿ ಕಟ್ಟಿ ಕೂಡ್ತೈತಿ. ಕಡ್ಡಿ ಮುರೀತೀಯೋ ಇಲ್ಲೋ?"

"ಮುರಿಯಂಗಿಲ್ಲ."

"ಹಂಗಾರ ನಾ ಮುರೀತೀನಿ," ಎಂದವನು ಅವಳ ಬಲಗೈಯನ್ನು ಗಾಣದ ಕಂಬಕ್ಕೆ ಅಡ್ಡ ಹಿಡಿದು ಮಂಡಿಯಿಂದ ಒತ್ತಿದ.

ಮೂಳೆ ಚಟ್ ಎಂದಿತು, ಕಬ್ಬಿನದೇ ಸದ್ದು. ಎತ್ತು ಬೆದರಿ ನಿಂತಿತು.

ಮರುದಿನ ಕಟ್ಟೆಯಲ್ಲಿ ಯಜಮಾನ ದೊಡ್ಡಬಸಪ್ಪ ಕಡ್ಡಿ ಕೊಟ್ಟಾಗ ವಿರುಪಮ್ಮ ಊದಿ ಕಪ್ಪಾದ ಕೈಯನ್ನು ಸೆರಗಿನಿಂದ ಹೊರತೆಗೆದು ಮುಂದೆ ಚಾಚಿದಳು. ಬೆರಳು ಮಡಚಲಿಲ್ಲ, ಕಡ್ಡಿ ನೆಲಕ್ಕೆ ಬಿತ್ತು. ಕೈ ಮುರಿದವರು ಯಾರೆಂದು ದೊಡ್ಡಬಸಪ್ಪ ಕೇಳಿದ. ಎಲ್ಲರೂ ಉಚ್ಚೆಂಗಪ್ಪನ ಕಡೆ ನೋಡಿದರು. ಅವನಿಗೆ ತಾನು ಮಾಡಿಕೊಂಡದ್ದು ಆಗ ಹೊಳೆದಿರಬೇಕು. ಮುಖ ಬಿಳಿಚಿತು. ಎರಡು ಕೈ ಇಲ್ಲದೆ ಕಡ್ಡಿ ಇಲ್ಲ, ಕೈ ಕೂಡಿದ ಮೇಲೆ ಬರ್ರಿ ಎಂದು ದೊಡ್ಡಬಸಪ್ಪ ಕಟ್ಟೆ ಎಬ್ಬಿಸಿದ.

ಎರ್ರೆಮ್ಮ ದರೋಜಿಯಿಂದ ಮೂಳೆ ಕಟ್ಟುವವನನ್ನು ಕರೆಸಿದಳು. ಅವನು ಎಳೆದು ಕೂರಿಸಿ, ಬಿದಿರ ದಬ್ಬೆ ಇಟ್ಟು, ತತ್ತಿಯ ಬಿಳಿಯಲ್ಲಿ ನೆನೆಸಿದ ಬಟ್ಟೆ ಸುತ್ತಿ ಹೋದ. ಅವನ ಗಾಡಿ ಊರು ದಾಟುವ ಮೊದಲೇ ವಿರುಪಮ್ಮ ಹಲ್ಲಿನಿಂದ ಕಟ್ಟು ಬಿಚ್ಚಿದಳು. ಮೂಳೆ ಮತ್ತೆ ಸರಿಯಿತು. ತಾಯಿ ಹಣೆ ಹಣೆ ಬಡಿದುಕೊಂಡಳು. ಹೊಳೆಮ್ಮ ಮಾತ್ರ ದಬ್ಬೆಗಳನ್ನು ಒಲೆಗೆ ಹಾಕಿದಳು. ಕೈ ಸೊಟ್ಟಗೇ ಕೂಡಿತು, ಬೆರಳು ಕೊಕ್ಕೆಯಂತೆ ನಿಂತವು. ಎಡಗೈಯಲ್ಲಿ ಗಾಣಕ್ಕೆ ಕಬ್ಬು ಕೊಡುವುದನ್ನು ಅವಳು ಹೊಸದಾಗಿ ಕಲಿತಳು.

ಮುಂದಿನ ಕಬ್ಬಿನ ಕಾಲಕ್ಕೆ ಉಚ್ಚೆಂಗಪ್ಪ ಮತ್ತೆ ಕಟ್ಟೆ ಕೂಡಿಸಿದ. ಸೊಟ್ಟ ಕೈ ಕಂಡದ್ದೇ ಅವಳ ತುರುಬಿಗೆ ಕೈ ಹಾಕಿ ನೆಲಕ್ಕೆ ಕೆಡವಿದ. ಹೊಳೆಮ್ಮ ಅವನ ತೋಳು ಕಚ್ಚಿ ಹಿಡಿದಳು. ಬಿಡಿಸಲು ಇಬ್ಬರು ಬೇಕಾದರು. ತೋಳಿನಿಂದ ರಕ್ತ ಒರೆಸಿಕೊಳ್ಳುತ್ತ ಅವನು, ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಇನ್ನೊಂದು ತುದಿ ಎಡಗೈಯಲ್ಲಿ ಹಿಡಿದು ಮುರಿಯಲಿ ಎಂದ. ಹಲ್ಲು ಕೈ ಆಗುತ್ತದೆಯೇ ಎಂದು ಹಿರಿಯರು ವಾದಕ್ಕೆ ಇಳಿದರು. ಒಬ್ಬ ಆಗುತ್ತದೆ ಎಂದ. ಇನ್ನೊಬ್ಬ, ಹಾಗಾದರೆ ಕೂಸಿನ ಹಲ್ಲೂ ಲೆಕ್ಕಕ್ಕೆ ಬರಲಿ, ಈಗಷ್ಟೇ ಅದು ಹಲ್ಲಿನಿಂದಲೇ ಅಪ್ಪನ ಸಂಬಂಧ ಹರಿದುಕೊಂಡಿತಲ್ಲ ಎಂದು ನಕ್ಕ.

ವಿರುಪಮ್ಮ ಎದ್ದು ಬಾಯಿಯ ಮಣ್ಣು ಉಗುಳಿದಳು. ಆಲೆಮನೆಯ ಕಡೆಯಿಂದ ಗಾಣದ ಸದ್ದು ಬರುತ್ತಿತ್ತು. ಎಡಗೈಯಲ್ಲಿ ಮಗಳ ಕೈ ಹಿಡಿದಳು.

"ಕುಂದ್ರವ್ವ ವಿರುಪಿ, ಮಾತು ಮುಗಿದಿಲ್ಲ," ಎಂದ ದೊಡ್ಡಬಸಪ್ಪ. "ಒಂದು ವ್ಯಾಳೆ ಹಲ್ಲಿಂದಾನೂ ಆಗ್ತೈತಿ ಅಂತ ನಾವು ಅಂದ್ರ, ಆಗ ನೀನು…"

ಅವಳು ಅಷ್ಟರಲ್ಲಿ ಮಗಳೊಂದಿಗೆ ಕಟ್ಟೆಯ ನೆರಳು ದಾಟಿ ಆಲೆಮನೆಯ ಹಾದಿ ಹಿಡಿದಿದ್ದಳು.