ಅತ್ತೆ ಹಾಕಿದ ತಳ

ಬುಟ್ಟಿಯಕ್ಕ ಅಂದರೆ ಬೀದಿಗೆಲ್ಲ ಗೊತ್ತು. ಬೆತ್ತ ಸೀಳಿ ಬುಟ್ಟಿಯ ಗೋಡೆ ಎಬ್ಬಿಸಲು ಕೂತಳೆಂದರೆ ಬೆರಳು ಕಣ್ಣಿಗೇ ಸಿಗುತ್ತಿರಲಿಲ್ಲ. ಅವಳು ಹಾಕುವ ತಳದ್ದೇ ತಕರಾರು. ನಾಲ್ಕು ದಿನ ಭಾರ ಹೊತ್ತರೆ, ಉಂಡು ಕೂತವನ ಹೊಟ್ಟೆಯ ಹಾಗೆ ಜೋತುಬೀಳುತ್ತಿತ್ತು.

ಅವಳನ್ನು ಬೈದೇನು ಫಲ? ಮದುವೆಯಾಗಿ ಬಂದಾಗಿನಿಂದ ತಳ ಹಾಕುವುದು ಅತ್ತೆ, ಗೋಡೆ ಎಬ್ಬಿಸುವುದು ಸೊಸೆ. ಬುಟ್ಟಿ ಒಂದು, ಕೈ ನಾಲ್ಕು.

"ಅದನ್ನೂ ಕಲಿಸ್ಕೊಡಿ ಅತ್ತೆ."

"ಅದನ್ನೂ ಕಲಿತ್ರೆ ಆಮೇಲೆ ಈ ಮುದುಕೀನ ಯಾರೇ ಕೇಳ್ತಾರೆ? ನಿಧಾನಕ್ಕೆ ಕಲಿಯೋವಂತೆ, ಇರು."

ಆ ನಿಧಾನ ಬರಲೇ ಇಲ್ಲ. ಒಂದು ಮಧ್ಯಾಹ್ನ ಉಂಡು ಮಲಗಿದ ಅತ್ತೆ ಏಳಲಿಲ್ಲ. ಬಿಚ್ಚಿ ನೋಡೋಣವೆಂದರೆ ಅವಳು ಹಾಕಿದ ತಳ ಮನೆಯಲ್ಲಿ ಒಂದೂ ಉಳಿದಿರಲಿಲ್ಲ, ಎಲ್ಲ ಮಾರಿಹೋಗಿದ್ದವು.

"ಇನ್ನೊಂದ್ಸಲ ತಳ ಕಿತ್ರೆ ಪ್ಲಾಸ್ಟಿಕ್ ಕ್ರೇಟೇ ಗತಿ ಕಣಕ್ಕ" ಎಂದ ತರಕಾರಿ ಮಂಡಿಯವನು. ಆಗ ಅವಳಿಗೆ ನೆನಪಾಯಿತು. ಹಿಂದೊಮ್ಮೆ ರಾಷ್ಟ್ರೀಯ ವಸ್ತುಸಂಗ್ರಹಾಲಯದವರು ಬಂದು ಅತ್ತೆಯ ಬುಟ್ಟಿಯೊಂದನ್ನು ಕೊಂಡೊಯ್ದಿದ್ದರು! ನೆನೆಸಿದ ಬೆತ್ತವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮಾರನೇ ದಿನವೇ ಬಸ್ಸು ಹತ್ತಿದಳು.

ರಾಜರ ಕತ್ತಿ, ರಾಣಿಯರ ಓಲೆ, ಯಾವುದರ ಮುಂದೆಯೂ ನಿಲ್ಲಲಿಲ್ಲ. ಅವಳಿಗೆ ಒಂದೇ ದಿಗಿಲು: ಬುಟ್ಟಿ ಇಡುವುದೇ ಬಾಯಿ ಮೇಲಾಗಿ. ಗಾಜಿನೊಳಗೆ ತಳ ಕಾಣದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಮೂರನೇ ಅಂತಸ್ತಿನಲ್ಲಿ ಅದು ಸಿಕ್ಕಿತು. ಬುಟ್ಟಿ ಬೋರಲಾಗಿ ಕೂತಿತ್ತು. ಕೆಳಗೊಂದು ಚೀಟಿ: 'ಕೋಳಿ ಮುಚ್ಚುವ ಬುಟ್ಟಿ'.

ಅಕ್ಕ ಗಹಗಹಿಸಿ ನಕ್ಕಳು. ಕಾವಲುಗಾರ ಓಡಿಬಂದ.

"ಏನಮ್ಮಾ, ಇದೇನು ನಾಟಕ ಶಾಲೇನಾ?"

"ನಮ್ಮತ್ತೆ ಕೈಲಿ ಶೀರ್ಷಾಸನ ಹಾಕ್ಸಿದೀರಲ್ಲಣ್ಣ! ನಿಮ್ಮ ಹೊಟ್ಟೆ ತಣ್ಣಗಿರ್ಲಿ!"

ನಗುತ್ತಲೇ ಕಣ್ಣು ತುಂಬಿಕೊಂಡು ಎಲ್ಲ ಹೇಳಿದಳು. ಕಾವಲುಗಾರ ಆಚೀಚೆ ನೋಡಿ ತನ್ನ ಸ್ಟೂಲನ್ನೇ ಅವಳತ್ತ ತಳ್ಳಿದ. "ಬೆತ್ತ ಒಳಗೆ ತರೋ ಹಾಗಿಲ್ಲ. ನಾನಂತೂ ನೋಡಿಲ್ಲ."

ನೂರಾರು ತಳ ಕೈಯಲ್ಲಿ ಹಿಡಿದಿದ್ದವಳು ಒಂದನ್ನೂ ಕಣ್ಣಿಟ್ಟು ನೋಡಿರಲಿಲ್ಲ. ಈಗ ಗಾಜಿಗೆ ಮೂಗು ತಾಗಿಸಿ ಸುತ್ತು ಎಣಿಸಿದಳು. ಇವಳು ಮೊದಲ ಸುತ್ತಿಗೇ ಕಡ್ಡಿಗಳನ್ನು ಬಿಡಿಬಿಡಿಯಾಗಿ ಹರಡುತ್ತಿದ್ದಳು. ಅತ್ತೆ ಮೂರು ಸುತ್ತು ಜೋಡಿಯಾಗಿಯೇ ಬಿಗಿದು, ಆಮೇಲೆ ಬಿಡಿಸಿದ್ದಳು. "ಅಷ್ಟೇನಾ!" ಎಂದು ಅಕ್ಕ ಹಣೆ ಚಚ್ಚಿಕೊಂಡು ಅಲ್ಲೇ ಕೂತು ಹೆಣೆಯಲು ಶುರುಮಾಡಿದಳು.

ಅಷ್ಟರಲ್ಲಿ ಆ ವಿಭಾಗದ ಮೇಡಂ ಬಂದರು. ಕಾವಲುಗಾರ ಬೆತ್ತಕ್ಕೆ ಅಡ್ಡವಾಗಿ ನಿಂತ. ಅಕ್ಕನೇ ಎದ್ದು ಕೈಮುಗಿದಳು.

"ನಮ್ಮನೇಲೇ ಉಳೀದೇ ಇದ್ದದ್ದನ್ನ ಜೋಪಾನ ಮಾಡಿದೀರಿ ತಾಯಿ, ನಿಮ್ಮ ಋಣ ದೊಡ್ಡದು. ಹೇಳದೆ ಹೋದ್ರೆ ತಪ್ಪಾಗುತ್ತೆ, ಇದು ಕೋಳಿ ಮುಚ್ಚೋದಲ್ಲ. ತರಕಾರಿ ಹೊರೋದು. ಬೋರಲಾಗಿಟ್ಟಿದೀರಿ."

ಮೇಡಂ ಮುಖ ಕೆಂಪೇರಿತು. "ಛೆ, ಇಷ್ಟು ವರ್ಷ! ಬೀಗದ ಕೈ ತನ್ನಿ, ಈಗ್ಲೇ ತಿರುಗಿಸೋಣ."

"ಅಯ್ಯಯ್ಯೋ, ಬೇಡ! ಇನ್ನೆರಡು ಸುತ್ತು ಬಾಕಿ ಇದೆ!"

ಮೇಡಂ ಅವಳ ಕೈಲಿದ್ದದ್ದನ್ನು ಆಗ ನೋಡಿದರು. ಬೈಯಲಿಲ್ಲ. ಸೀರೆ ಒತ್ತರಿಸಿಕೊಂಡು ನೆಲದ ಮೇಲೆ ಕೂತರು, ಜಾರುತ್ತಿದ್ದ ಬೆತ್ತದ ತುದಿ ಹಿಡಿದುಕೊಂಡರು.

ಎರಡು ಸುತ್ತು ಮುಗಿಯಿತು. ಅಕ್ಕ ಎರಡೂ ಹೆಬ್ಬೆರಳು ಊರಿ ಒತ್ತಿದಳು. ಕಾವಲುಗಾರನೂ ಒತ್ತಿದ. ತಳ ಬಗ್ಗಲಿಲ್ಲ.

"ಈಗ ತಿರುಗ್ಸಿ ಮೇಡಂ" ಎಂದಳು ಅಕ್ಕ.