ಇಬ್ಬರಲ್ಲೂ ಒಂದೇ ಅಂಕಿ

ನನ್ನ ಕೆಲಸ ಪರಮಾಣು ಗಡಿಯಾರದ ಪ್ರಯೋಗಶಾಲೆಯಲ್ಲಿ. ಅಲ್ಲಿ ಪರಮಾಣುಗಳನ್ನು ಅಳೆಯುವ ಲೇಸರ್ ಬೆಳಕೇ ತುಸು ನಡುಗುತ್ತಿರುತ್ತದೆ. ಅದಕ್ಕೆ ಒಂದೇ ಬೆಳಕನ್ನು ಎರಡು ಗುಂಪು ಪರಮಾಣುಗಳ ಮೇಲೆ ಬಿಟ್ಟು, ಎರಡರಲ್ಲೂ ಸಮನಾಗಿ ಕಂಡ ನಡುಕವನ್ನು ಬೆಳಕಿನದೇ ತಪ್ಪೆಂದು ಕಳೆದುಬಿಡುತ್ತೇವೆ. ವರ್ಷಗಟ್ಟಲೆ ಮಾಡಿ ಅದು ನನ್ನ ಬುದ್ಧಿಗೇ ಚಾಳಿಯಾಗಿತ್ತು.

ರಜೆಗೆ ಮಸ್ಕಿಯ ಅಕ್ಕನ ಮನೆಗೆ ಹೋಗಿದ್ದೆ. ಬಟ್ಟೆ ಅಂಗಡಿ ನಡೆಸುವ ಅವಳಿಗೆ ಮೂರು ದಿನದಿಂದ ತಲೆನೋವು. ಮನೆಯಲ್ಲಿದ್ದ ಬಿಪಿ ಮಷೀನು ಕಟ್ಟಿದೆ. ಅಂಕಿ ತೀರಾ ಹೆಚ್ಚಿತ್ತು. ಅವ್ವ ಮುಕ್ಕುಂದದ ಗದ್ದೆಯಲ್ಲಿ ಕುಸಿದು ತೀರಿಹೋದದ್ದೂ ಇಂಥದೇ ತಲೆನೋವಿನ ನಂತರ. ಗಾಬರಿಯಲ್ಲಿ ಅದೇ ಪಟ್ಟಿಯನ್ನು ನನ್ನ ತೋಳಿಗೆ ಕಟ್ಟಿಕೊಂಡೆ. ನನಗೂ ಅಷ್ಟೇ ತೋರಿಸಿತು. ಹೋದ ಜೀವ ಬಂದಂತಾಯಿತು.

“ಮಷೀನು ಕೆಟ್ಟೈತಿ ಅಕ್ಕ. ಇಬ್ಬರಿಗೂ ಒಂದೇ ತೋರ್ಸಾಕತ್ತೈತಿ.”

“ನೀ ಓದಿದಾಕಿ. ನೀ ಹೇಳಿದ ಮ್ಯಾಲ ಖರೇನ ಬಿಡು,” ಎಂದು ಅವಳು ಅಂಗಡಿಗೆ ಹೋದಳು.

ಮರುದಿನ ಅವಳ ಬಲಗೈಯಿಂದ ಕತ್ತರಿ ಜಾರಿತು, ಮಾತು ತೊದಲಿತು. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದೊಯ್ದರು. ನನ್ನ ಬೆವರು ನೋಡಿದ ನರ್ಸು ತಮ್ಮ ಮಷೀನಿನ ಪಟ್ಟಿಯನ್ನು ನನಗೂ ಕಟ್ಟಿದರು.

“ನಿಮಗೂ ಭಾಳ ಐತ್ರೀ. ಮನ್ಯಾಗ ಯಾರಿಗರ ಇತ್ತೇನ್ರೀ?”

ಅವ್ವನಿಗಿತ್ತು ಎಂದೆ. ಅವ್ವ ಇಬ್ಬರಿಗೂ ಕೊಟ್ಟುಹೋದದ್ದನ್ನು ನಾನು ಮಷೀನಿನ ತಪ್ಪೆಂದು ಕಳೆದಿದ್ದೆ.

ಅಕ್ಕ ಉಳಿದಳು. ಈಗ ಎಡಗೈಯಲ್ಲಿ ಬಟ್ಟೆ ಕತ್ತರಿಸುತ್ತಾಳೆ. ರಿಪೇರಿಯ ನೆಪದಲ್ಲಿ ಆ ಮಷೀನನ್ನು ನಾನು ಜೊತೆಗೆ ತಂದಿದ್ದೆ; ಅದು ಸರಿಯಿತ್ತೆಂದು ಅವಳಿಗೆ ಇನ್ನೂ ಹೇಳಿಲ್ಲ. ಮೊನ್ನೆ ಫೋನಿನಲ್ಲಿ ಕೇಳಿದಳು: “ಆ ಕೆಟ್ಟ ಮಷೀನು ರಿಪೇರಿ ಮಾಡ್ಸಿದೇನ ತಂಗಿ?”

ಮಾಡಿಸುತ್ತೇನೆ ಎಂದೆ.